ತೋಟದ ಪ್ರಶ್ನೆಗಳು: ಕಿತ್ತಳೆ, ಮಳೆ ಮತ್ತು ಮರದ ವಯಸ್ಸು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಿತ್ತಳೆಯದ್ದೇ. ಕೆಲವರು ಮಳೆಯನ್ನು ಬೈದಿದ್ದಾರೆ, ಕೆಲವರು ಮರಕ್ಕೆ ವಯಸ್ಸಾಯ್ತು ಅಂತ ಕೈಚೆಲ್ಲಿದ್ದಾರೆ. ಶುಂಠಿ ಮತ್ತು ಮೆಣಸಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಇವತ್ತು ಪೂರ್ತಿ ಕಿತ್ತಳೆ.

ಪ್ರಶ್ನೆ: ನಮಸ್ಕಾರ ಸರ್. ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. 2008ರಲ್ಲಿ ಕಾಫಿ ನಡುವೆ 80 ಕಸಿ ಕಿತ್ತಳೆ ಹಾಕಿದೆವು. 2015ರಲ್ಲಿ ಇನ್ನೊಂದು ಮಗ್ಗುಲಲ್ಲಿ 30 ಹಾಕಿದೆವು. ಅಪ್ಪ ಬರೆಯುತ್ತಿದ್ದ ಮಳೆ ಪುಸ್ತಕವನ್ನು ನಾನು ಮುಂದುವರಿಸಿದ್ದೇನೆ, ಜೊತೆಗೆ ಹಣ್ಣಿನ ಲೆಕ್ಕವನ್ನೂ ಇಟ್ಟಿದ್ದೇನೆ. 2016ರಲ್ಲಿ ಮಳೆ 48 ಇಂಚು ಮಾತ್ರ. ಆದರೂ ಹಳೇ ಮರಕ್ಕೆ ಸರಾಸರಿ 240 ಹಣ್ಣು ಬಂತು, ಹಿಂದಿನ ವರ್ಷಕ್ಕಿಂತ 80 ಜಾಸ್ತಿ. 2018ರಲ್ಲಿ ಮಳೆ 100 ಇಂಚು ದಾಟಿತು, ಹಣ್ಣು 150ಕ್ಕೆ ಇಳಿಯಿತು. ಮಳೆ ಕಡಿಮೆಯಾದರೇ ಕಿತ್ತಳೆಗೆ ಒಳ್ಳೆಯದು ಅಂದುಕೊಂಡೆ. 2023ರಲ್ಲಿ ಮತ್ತೆ 46 ಇಂಚು, ಆದರೆ ಹಣ್ಣು ಹಿಂದಿನ ವರ್ಷದ 360ರಿಂದ 210ಕ್ಕೆ ಬಿತ್ತು! ಅದೇ ವರ್ಷ ಹೊಸ 30 ಮರಕ್ಕೆ ಸರಾಸರಿ 225 ಬಂದಿದೆ. ಇದಕ್ಕೆ ಕಾರಣ ಮಳೆಯೋ, ವಯಸ್ಸೋ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ಮಳೆ ಲೆಕ್ಕ ಬರೆಯುವವರು ಕೊಡಗಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಮಳೆಯ ಪಕ್ಕದಲ್ಲಿ ಮರದ ಹಣ್ಣನ್ನೂ ಬರೆದಿಟ್ಟವರು ತೀರಾ ಕಡಿಮೆ. ನಿಮ್ಮ ಪುಸ್ತಕದಲ್ಲೇ ಉತ್ತರ ಇದೆ, ಹುಡುಕೋಣ.

ಮೊದಲು ವಯಸ್ಸು. ಕಸಿ ಕಿತ್ತಳೆ ನಾಲ್ಕೈದನೇ ವರ್ಷಕ್ಕೆ ಹಣ್ಣು ತೋರಿಸುತ್ತದೆ. ಅಲ್ಲಿಂದ ಹತ್ತು ಹನ್ನೆರಡನೇ ವರ್ಷದವರೆಗೆ ಏರುತ್ತಲೇ ಹೋಗುತ್ತದೆ, ಯಾಕೆಂದರೆ ಪ್ರತಿ ವರ್ಷ ನೆತ್ತಿ (ಕೊಂಬೆ, ಎಲೆಗಳ ಹರವು) ಅಗಲವಾಗುತ್ತದೆ, ಹೂ ಬಿಡುವ ಕಡ್ಡಿ ಜಾಸ್ತಿಯಾಗುತ್ತದೆ. ಆಮೇಲೆ ಇಪ್ಪತ್ತರ ಆಸುಪಾಸಿನವರೆಗೆ ಹೆಚ್ಚು ಕಡಿಮೆ ಒಂದೇ ಮಟ್ಟ. ಆರೈಕೆ ತಪ್ಪಿದರೆ ಇದಕ್ಕೂ ಮೊದಲೇ ಇಳಿಯುತ್ತದೆ. 2016ರಲ್ಲಿ ನಿಮ್ಮ ಹಳೇ ಮರಕ್ಕೆ ಎಂಟು ವರ್ಷ, ಏರುತ್ತಿದ್ದ ಕಾಲ. ಮಳೆ ಕಡಿಮೆಯಾಗಿದ್ದರಿಂದ ಮರಕ್ಕೆ ಸ್ವಲ್ಪ ನಷ್ಟ ಆಗಿದ್ದರೂ ಆಗಿರಬಹುದು, ಆದರೆ ವಯಸ್ಸು ತಂದ ಏರಿಕೆ ಅದನ್ನು ಮುಚ್ಚಿ ಹಾಕಿತು. 2023ರಲ್ಲಿ ಅದೇ ಮರಕ್ಕೆ ಹದಿನೈದು. ಏರುವ ಕಾಲ ಮುಗಿದಿದೆ. ನಷ್ಟವಾದರೆ ಮುಚ್ಚಲು ಏನೂ ಇಲ್ಲ, ಪೂರ್ತಿ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಈಗ ಹೊಸ 30 ಮರ ನೋಡಿ. 2023ರಲ್ಲಿ ಅವಕ್ಕೆ ಎಂಟು ವರ್ಷ. 2016ರಲ್ಲಿ ಹಳೇ ಮರಗಳಿಗೂ ಎಂಟೇ. ಎರಡೂ ಒಣ ವರ್ಷ, ಒಂದೇ ತೋಟ, ಒಂದೇ ವಯಸ್ಸು. ಒಂದು ಕಡೆ 240, ಇನ್ನೊಂದು ಕಡೆ 225. ಬಹಳ ಹತ್ತಿರ ಇದೆ, ಅಲ್ವಾ? 2023ರ ಮಳೆ 2016ಕ್ಕಿಂತ ವಿಪರೀತ ಕೆಟ್ಟದಾಗಿದ್ದರೆ ಹೊಸ ಮರಗಳೂ ಕುಗ್ಗಬೇಕಿತ್ತು. ಅವು ಕುಗ್ಗಿಲ್ಲ. ಅಂದರೆ ಹಳೇ ಮರಗಳ ಇಳಿತಕ್ಕೆ ಮಳೆ ಬಿಟ್ಟು ಬೇರೆ ಏನೋ ಇದೆ. ಅದೂ ನಿಮ್ಮ ಪುಸ್ತಕದಲ್ಲೇ ಇದೆ: ಹಿಂದಿನ ವರ್ಷದ ಆ 360 ಹಣ್ಣು.

ಕಿತ್ತಳೆ ಜಾತಿಗೆ ಒಂದು ವರ್ಷ ಹೊತ್ತು ಒಂದು ವರ್ಷ ಸುಸ್ತಾಗುವ ಗುಣ ಇದೆ. ಹಣ್ಣು ತುಂಬಿದ ವರ್ಷ ಮರ ಬೇರಿನಲ್ಲಿ, ಕಡ್ಡಿಯಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಹಣ್ಣಿಗೆ ಸುರಿಯುತ್ತದೆ. ಹೊಸ ಚಿಗುರು ಕಡಿಮೆಯಾಗುತ್ತದೆ, ಮುಂದಿನ ವರ್ಷ ಹೂ ಬರಬೇಕಾಗಿದ್ದು ಆ ಚಿಗುರಿನ ಮೇಲೇ. ಸಾಲದ್ದಕ್ಕೆ ಮರದ ಮೇಲಿರುವ ಹಣ್ಣೇ ಮುಂದಿನ ಮೊಗ್ಗನ್ನು ತಡೆಯುತ್ತದೆ. ಬೆಲೆ ಬರಲಿ ಅಂತ ಫೆಬ್ರವರಿವರೆಗೂ ಹಣ್ಣನ್ನು ಮರದಲ್ಲೇ ಬಿಟ್ಟಿದ್ದಿರಾ? ಬಿಟ್ಟಿದ್ದರೆ ಮುಂದಿನ ಫಸಲಿಗೆ ಅದರ ಏಟು ಖಂಡಿತ ಬಿದ್ದಿರುತ್ತದೆ. ತುಂಬಾ ಹೊತ್ತ ವರ್ಷ ಕಾಯಿ ಗೋಲಿ ಗಾತ್ರ ಇರುವಾಗಲೇ ಗೊಂಚಲಿನಲ್ಲಿ ಒಂದಿಷ್ಟು ಕಿತ್ತುಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ಕೀಳಿ.

ಇನ್ನು ಮಳೆ. ನೀವು 46 ಇಂಚನ್ನು ಕಡಿಮೆ ಮಳೆ ಅಂದಿರಿ. ಫಲ ಕೊಡುವ ಕಿತ್ತಳೆ ಮರಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 900ರಿಂದ 1200 ಮಿಲಿಮೀಟರ್, ಅಂದರೆ 35ರಿಂದ 47 ಇಂಚು ನೀರು. ನಿಮ್ಮ ಒಣ ವರ್ಷದಲ್ಲೂ ಲೆಕ್ಕಕ್ಕೆ ಅಷ್ಟು ಬಂದಿದೆ. ಆದರೆ ಜುಲೈನಲ್ಲಿ ಸುರಿದ ಮೂವತ್ತು ಇಂಚು ಹಳ್ಳ ಸೇರಿ ಕಾವೇರಿಗೆ ಹೋಯಿತು. ಏಪ್ರಿಲ್‌ನಲ್ಲಿ ಬಾರದ ಒಂದು ಇಂಚಿಗೆ ಅದು ಬದಲಿ ಆಗುತ್ತದೆಯೇ? ನಾನು ಎಲ್ಲರಿಗೂ ಹೇಳುವುದು ಇದನ್ನೇ. ವರ್ಷದ ಒಟ್ಟು ಮಳೆ ನೋಡಿ ಕಿತ್ತಳೆ ಫಸಲು ಹೇಳಲು ಆಗುವುದಿಲ್ಲ. ಯಾವ ತಿಂಗಳು ಬಂತು, ಎಷ್ಟು ವರ್ಷದ ಮರದ ಮೇಲೆ ಬಂತು, ಆ ಮರ ಹೋದ ವರ್ಷ ಎಷ್ಟು ಹೊತ್ತಿತ್ತು, ಈ ಮೂರನ್ನು ಸೇರಿಸಿ ನೋಡಬೇಕು.

ಡಿಸೆಂಬರ್, ಜನವರಿಯಲ್ಲಿ ಮಣ್ಣು ಒಣಗಬೇಕು. ಆ ಚಳಿ ಮತ್ತು ಒಣಗಿಗೇ ಮರ ಚಿಗುರುವುದನ್ನು ನಿಲ್ಲಿಸಿ ಮೊಗ್ಗಿಗೆ ಸಿದ್ಧವಾಗುತ್ತದೆ. ಆಗ ಅಕಾಲದ ಮಳೆ ಬಂದರೆ ಹೂವಿನ ಬದಲು ಎಲೆ ಬರುತ್ತದೆ, ಇಲ್ಲವೇ ಹೂ ನಾಲ್ಕು ಕಂತಿನಲ್ಲಿ ಬಂದು ಹಣ್ಣೂ ನಾಲ್ಕು ಕಂತಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಅರಳಿಸುವ ಹೂಮಳೆ ಬೇಕು, ಕಾಫಿಗೆ ಬೇಕಾದ ಹಾಗೇ. ಅದಾದ ಮೇಲೆ ಮೂರ್ನಾಲ್ಕು ವಾರ ಮಳೆಯೇ ಇಲ್ಲದೆ ಬಿಸಿಲು ಕಾದರೆ ಸಣ್ಣ ಕಾಯಿ ಉದುರುತ್ತದೆ. ನೂರು ಹೂವಿಗೆ ಒಂದೆರಡು ಕಾಯಿ ನಿಲ್ಲುವುದೇ ಕಿತ್ತಳೆಯ ಸಹಜ ಲೆಕ್ಕ, ಆ ಒಂದೆರಡೂ ಹೋದರೆ ಏನು ಉಳಿಯಿತು? ಇಲ್ಲಿ ನೀರು ಹಾಯಿಸುವ ಅನುಕೂಲ ಇದ್ದವರು ಗೆಲ್ಲುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಎಷ್ಟು ಇಂಚು ಬಂತು ಅನ್ನುವುದಕ್ಕಿಂತ ಎಷ್ಟು ದಿನ ಬಿಡದೆ ಬಂತು, ಬುಡದಲ್ಲಿ ನೀರು ನಿಂತಿತಾ ಅನ್ನುವುದು ಮುಖ್ಯ. ನಿಮ್ಮ 2018ರ ಕಥೆ ಅದೇ. ಆ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಸೀಮೆಯಲ್ಲಿ ಬೆಟ್ಟಗಳೇ ಜಾರಿದವು, ಜನ ಮನೆ ಮಠ ಕಳೆದುಕೊಂಡರು. ನಿಮ್ಮ ಮರಗಳು 150 ಹಣ್ಣನ್ನಾದರೂ ಉಳಿಸಿಕೊಂಡವಲ್ಲ, ನಿಮ್ಮ ಇಳಿಜಾರಿನಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಅರ್ಥ.

ಲೆಕ್ಕ ಬರೆಯುವ ರೀತಿಯಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಿ. ನೀವು ಜನವರಿಯಿಂದ ಡಿಸೆಂಬರ್ ಕೂಡಿದ್ದೀರಿ. ಕಿತ್ತಳೆಯ ವರ್ಷ ಹಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಕೊಯ್ದ ಹಣ್ಣಿನ ಹೂ ಆ ವರ್ಷದ ಮಾರ್ಚ್‌ನದು, ಅದರ ಮೊಗ್ಗು 2022ರ ಡಿಸೆಂಬರ್ ಸುಮಾರಿನದು, ಮೊಗ್ಗು ಬಂದ ಕಡ್ಡಿ 2022ರ ಮಳೆಗಾಲದ್ದು. ಹಾಗಾಗಿ ಒಂದು ಫಸಲಿನ ಮಳೆ ಲೆಕ್ಕವನ್ನು ಹಿಂದಿನ ನವೆಂಬರ್‌ನಿಂದ ಶುರು ಮಾಡಿ, ಈ ಅಕ್ಟೋಬರ್‌ಗೆ ನಿಲ್ಲಿಸಿ. ಹೂಮಳೆ ಬಂದ ತಾರೀಕು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅನ್ನುವುದು ಪ್ರತ್ಯೇಕ ಸಾಲಿನಲ್ಲಿ ಇರಲಿ. ಹಣ್ಣನ್ನು ನೆಟ್ಟ 80ರಿಂದ ಭಾಗಿಸಬೇಡಿ, ಈಗ ಬದುಕಿ ಫಲ ಕೊಡುತ್ತಿರುವ ಮರಗಳಿಂದ ಭಾಗಿಸಿ. ಒಂಬತ್ತು ಮರ ಸತ್ತಿದ್ದರೆ, ಉಳಿದ ಮರ ಚೆನ್ನಾಗಿದ್ದರೂ ಸರಾಸರಿ ಬಿದ್ದ ಹಾಗೆ ಕಾಣುತ್ತದೆ. ಹಳೇದು, ಹೊಸದು ಯಾವತ್ತೂ ಬೇರೆ ಬೇರೆ ಪುಟ. ಅಮೆರಿಕದ ಫ್ಲಾರಿಡಾದಲ್ಲಿ ಸರ್ಕಾರ ಕಿತ್ತಳೆ ಫಸಲಿನ ಅಂದಾಜು ಹಾಕುವುದೂ ಹೀಗೇ. ಮರಗಳನ್ನು ವಯಸ್ಸಿನ ಗುಂಪು ಮಾಡಿ, ಮರಕ್ಕೆ ಎಷ್ಟು ಕಾಯಿ, ಕಾಯಿ ಎಷ್ಟು ದಪ್ಪ, ನೂರಕ್ಕೆ ಎಷ್ಟು ಉದುರುತ್ತಿದೆ ಅಂತ ನೋಡುತ್ತಾರೆ. ನಿಮ್ಮ 110 ಮರಕ್ಕೆ ನೀವೊಬ್ಬರೇ ಇದನ್ನು ಮಾಡಬಹುದು.

ಪ್ರಶ್ನೆ: ಕಸಿ ಗಿಡ ಹಾಕಿ ಮೂರು ವರ್ಷ ಆಯ್ತು, ಈಗಲೇ ಏಳೆಂಟು ಕಾಯಿ ಬಿಟ್ಟಿದೆ. ಮಕ್ಕಳಿಗೆ ಭಾರಿ ಖುಷಿ. ಬಿಡಲೋ, ಕೀಳಲೋ?
— ಅಮ್ಮತ್ತಿಯಿಂದ ಒಬ್ಬರು

ಉತ್ತರ: ಒಂದು ಗಿಡದಲ್ಲಿ ಎರಡು ಕಾಯಿ ಮಕ್ಕಳಿಗೆ ಬಿಡಿ, ಉಳಿದ ಗಿಡಗಳಲ್ಲಿ ಎಲ್ಲವನ್ನೂ ಕೀಳಿ. ಈಗ ಗಿಡಕ್ಕೆ ಬೇಕಾಗಿರುವುದು ಬೇರು ಮತ್ತು ನೆತ್ತಿ. ಎಳೆ ಮರದ ಮೊದಲ ಎರಡು ಮೂರು ಫಸಲು ಹೇಗೂ ದಪ್ಪ ಸಿಪ್ಪೆ, ಒರಟು ಮೈ, ಹುಳಿ ಜಾಸ್ತಿ. ಅದನ್ನು ನೋಡಿ ಜಾತಿ ಸರಿ ಇಲ್ಲ ಅಂತ ಗಿಡ ಕಡಿದವರೂ ಇದ್ದಾರೆ, ಹಾಗೆ ಮಾಡಬೇಡಿ. ಮರ ಬಲಿತ ಹಾಗೆ ಸಿಪ್ಪೆ ತೆಳುವಾಗುತ್ತದೆ, ಸಿಹಿ ಬರುತ್ತದೆ.

ಪ್ರಶ್ನೆ: ಸರ್, ಮಾದಾಪುರದ ಕಡೆ ನಮ್ಮ ತೋಟ. ಆಗಸ್ಟ್‌ನಲ್ಲಿ ಹದಿನೈದು ದಿನ ಬಿಡದೆ ಹೊಡೆಯಿತು. ಮರಗಳು ಆಗ ಚೆನ್ನಾಗೇ ಇದ್ದವು. ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದ ಮೇಲೆ ಎಲೆ ಹಳದಿಯಾಗಿ ಬಾಡುತ್ತಿದೆ, ಕಾಯಿ ಉದುರುತ್ತಿದೆ. ಮಣ್ಣಿನಲ್ಲಿ ಇನ್ನೂ ತೇವ ಇದೆ. ನೀರಿದ್ದೂ ಯಾಕೆ ಬಾಡುತ್ತದೆ?

ಉತ್ತರ: ಬೇರು ಸತ್ತಿದೆ, ಅದಕ್ಕೇ. ಕಿತ್ತಳೆಯ ನೀರು ಕುಡಿಯುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ. ಆ ಹೊತ್ತಿಗೇ ಫೈಟಾಫ್ಥೊರ ಅನ್ನುವ ಕೊಳೆ ರೋಗ ನೀರಿನಲ್ಲಿ ಈಜಿಕೊಂಡು ಬರುತ್ತದೆ. ಮೋಡ ಇರುವಷ್ಟು ದಿನ ಎಲೆಗೆ ಜಾಸ್ತಿ ನೀರು ಬೇಡ, ಹಾಗಾಗಿ ಮರ ಚೆನ್ನಾಗಿರುವ ಹಾಗೆ ಕಾಣುತ್ತದೆ. ಬಿಸಿಲು ಬಂತು, ಎಲೆ ನೀರು ಕೇಳಿತು, ಕೊಡಲು ಬೇರಿಲ್ಲ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಬಾಡಿದ ಒಂದು ಮರದ ಬುಡಕ್ಕೆ ಹೋಗಿ ಕುಳಿತುಕೊಳ್ಳಿ. ಗುದ್ದಲಿ ಬೇಡ, ಕೈಯಲ್ಲೇ ಕಾಂಡದ ಸುತ್ತ ಮಣ್ಣು ಸರಿಸಿ. ಬೆಲ್ಲದ ಪಾಕ ಸೋರಿ ಗಟ್ಟಿಯಾದ ಹಾಗೆ ಕಂದು ಅಂಟು ಎಲ್ಲಾದರೂ ಇದೆಯಾ ನೋಡಿ. ಆಮೇಲೆ ಚೂರಿಯ ತುದಿಯಿಂದ ತೊಗಟೆಯನ್ನು ಚೂರೇ ಚೂರು ಕೆರೆಯಿರಿ. ಒಳಗೆ ಹಸಿರು, ಕೆನೆ ಬಣ್ಣ ಕಂಡರೆ ಅಲ್ಲಿ ಜೀವ ಇದೆ. ಕಂದಾಗಿ, ಒದ್ದೆಯಾಗಿ, ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ ಬಂದರೆ ಅದು ಕೊಳೆ. ಕೊಳೆ ಕಾಂಡದ ಸುತ್ತ ಎಷ್ಟು ಹಬ್ಬಿದೆ ಅಂತ ಹೀಗೇ ಕೆರೆದು ಅಳೆಯಿರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಮರ ಉಳಿಸಬಹುದು. ಇಲ್ಲಿ ವಯಸ್ಸಿನ ಮಾತು ಬರುತ್ತದೆ. ನಾಲ್ಕು ವರ್ಷದ ಗಿಡದ ಕಾಂಡ ಸಣ್ಣದು, ಕೊಳೆ ಬೇಗ ಸುತ್ತುವರಿದು ಗಿಡ ಒಂದೇ ಮಳೆಗಾಲದಲ್ಲಿ ಹೋಗುತ್ತದೆ. ಹದಿನೈದು ವರ್ಷದ ಮರದಲ್ಲಿ ಒಂದು ಮಗ್ಗುಲು ಒಣಗಿದರೂ ಇನ್ನೊಂದು ಮಗ್ಗುಲು ಫಲ ಕೊಡುತ್ತಲೇ ಇರುತ್ತದೆ.

ಕೊಳೆತ ತೊಗಟೆಯನ್ನು ಜೀವ ಇರುವ ಅಂಚಿನವರೆಗೆ ಕೆತ್ತಿ ತೆಗೆಯಿರಿ, ತೆಗೆದದ್ದನ್ನು ತೋಟದಲ್ಲಿ ಬಿಸಾಡದೆ ಸುಟ್ಟುಬಿಡಿ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಮೇಲೆ ಕೆಂಪು ಪದರ ಕೂತರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಬಳಸಿ ಮುಗಿಸಿ. ಚೆನ್ನಾಗಿರುವ ಮರಗಳಿಗೂ ಮಳೆಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಳಿಯಿರಿ.

ಇದೆಲ್ಲ ಔಷಧಿ ಆಯ್ತು. ನಿಜವಾದ ಮದ್ದು ಬಸಿಗಾಲುವೆ. ಒಂದು ಇಂಚು ಮಳೆ ಅಂದರೆ ಒಂದು ಎಕರೆಗೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ದಿನಕ್ಕೆ ನಾಲ್ಕು ಇಂಚು ಬಂದರೆ ಅದು ಎಲ್ಲಿಗೆ ಹೋಗಬೇಕು? ಏಪ್ರಿಲ್‌ನಲ್ಲೇ ಕಾಲುವೆಗಳ ಹೂಳು ತೆಗೆಸಿ, ಎರಡು ಸಾಲಿಗೊಂದು ಕಾಲುವೆ ಇರಲಿ. ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗ, ಮಣ್ಣಿನಿಂದ ಅರ್ಧ ಅಡಿಯಾದರೂ ಮೇಲಿರಲಿ. ನಾವು ಒಮ್ಮೆ ಒಂದು ನರ್ಸರಿಯಿಂದ ತಂದ ಗಿಡಗಳಲ್ಲಿ ಗಂಟು ತೀರಾ ಕೆಳಗಿತ್ತು, ಗಮನಿಸದೆ ನೆಟ್ಟೆವು, ಗೊಬ್ಬರ ಹಾಕುವಾಗ ಆಳುಗಳು ಬುಡಕ್ಕೆ ಮಣ್ಣು ಏರಿಸಿದರು, ಗಂಟು ಮುಚ್ಚಿಹೋಯಿತು. ಮೂರನೇ ಮಳೆಗಾಲದಲ್ಲಿ ನಲವತ್ತರಲ್ಲಿ ಹನ್ನೊಂದು ಗಿಡ ಒಂದೊಂದಾಗಿ ಹೋದವು. ಒಣಗಿದ ಗಿಡ ಕಿತ್ತಾಗ ಗಂಟಿನ ಸುತ್ತ ತೊಗಟೆ ಒದ್ದೆ ಕಾಗದದ ಹಾಗೆ ಕೈಗೆ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮ್ಮ ಮರಗಳಿಗೆ ಹನ್ನೆರಡು ವರ್ಷ. ಮಳೆ ಸರಿ ಇತ್ತು, ನೀರು ನಿಲ್ಲುವುದಿಲ್ಲ, ಗೊಬ್ಬರ ಹಾಕಿದ್ದೇವೆ. ಆದರೂ ಎಲೆ ಹಳದಿ, ಹಣ್ಣು ಸಣ್ಣ. ಸತುವಿನ ಕೊರತೆ ಅಂತ ಒಬ್ಬರು, ಗ್ರೀನಿಂಗ್ ರೋಗ ಅಂತ ಇನ್ನೊಬ್ಬರು ಹೇಳುತ್ತಾರೆ.
— ಗೋಣಿಕೊಪ್ಪ ಕಡೆಯ ಓದುಗರು

ಉತ್ತರ: ಎಲೆಯನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ನಡುನರದ ಎಡಕ್ಕೆ ಇರುವ ಹಳದಿ ಮತ್ತು ಬಲಕ್ಕೆ ಇರುವ ಹಳದಿ ಒಂದಕ್ಕೊಂದು ಕನ್ನಡಿಯಲ್ಲಿ ನೋಡಿದ ಹಾಗಿದ್ದು, ನರಗಳು ಹಸಿರಾಗಿ ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ, ಎಲೆ ಕಿರಿದಾಗಿದ್ದರೆ, ಅದು ಹೆಚ್ಚಾಗಿ ಸತುವಿನ ಕೊರತೆ. ಒಂದು ಬದಿಯಲ್ಲಿ ದೊಡ್ಡ ಹಳದಿ ಮಚ್ಚೆ, ಇನ್ನೊಂದು ಬದಿಯಲ್ಲಿ ಬೇರೆಯೇ ಆಕಾರ, ಮಚ್ಚೆ ನರವನ್ನೂ ದಾಟಿ ಹೋಗಿದೆ, ಜೊತೆಗೆ ಮರದಲ್ಲಿ ಒಂದೇ ಕೊಂಬೆ ಹೀಗಾಗಿದೆ, ಹಣ್ಣು ಸೊಟ್ಟಗಿದೆ ಅಂದರೆ ಗ್ರೀನಿಂಗ್ ಅನುಮಾನ ಪಡಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಕಣ್ಣಿನ ಅಂದಾಜಿಗೆ ನಿಲ್ಲಿಸಬೇಡಿ. ನಿಮ್ಮ ಊರಿನಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ಎಲೆ ಇರುವ ಕಡ್ಡಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಸತುವಿನ ಕೊರತೆಗೆ ಪರಿಹಾರ ಸುಲಭ. ನಮ್ಮ ಜೋರು ಮಳೆ ಮಣ್ಣಿನ ಸುಣ್ಣ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದಷ್ಟು ಸುಣ್ಣ ಕೊಡಿ. ಹೊಸ ಚಿಗುರು ಬಲಿಯುವಾಗ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಅದರ ಅರ್ಧ ಸುಣ್ಣ ಸೇರಿಸಿ ಸಿಂಪಡಿಸಿ.

ಗ್ರೀನಿಂಗ್ ಆದರೆ ಮರವನ್ನು ವಾಸಿ ಮಾಡುವ ಔಷಧಿ ಇಲ್ಲ. ಸಿಲ್ಲಿಡ್ ಅನ್ನುವ ಪುಟ್ಟ ಕೀಟ ಎಳೆ ಚಿಗುರಿನಲ್ಲಿ ಕುಳಿತು ಈ ರೋಗವನ್ನು ಹರಡುತ್ತದೆ. ಫ್ಲಾರಿಡಾದಲ್ಲಿ 1997-98ರಲ್ಲಿ 24.4 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2005ರಲ್ಲಿ ಅಲ್ಲಿ ಈ ರೋಗ ಕಾಣಿಸಿಕೊಂಡಿತು. 2022-23ರಲ್ಲಿ ಬಂದದ್ದು 1.6 ಕೋಟಿ ಪೆಟ್ಟಿಗೆಯೂ ಇಲ್ಲ. ನಡುವೆ ಚಂಡಮಾರುತಗಳೂ ಹೊಡೆದವು ನಿಜ, ಆದರೆ ಮರದ ಕಸುವನ್ನು ತಿಂದಿದ್ದು ಈ ರೋಗವೇ. ಅಲ್ಲಿನ ಮರಗಳು ಫಲ ಕೊಡುವ ವಯಸ್ಸಿನಲ್ಲೇ ಮುದಿಯಾದವು. ಅದಕ್ಕೇ ಕೈಮುಗಿದು ಕೇಳುತ್ತೇನೆ. ರೋಗ ಖಚಿತವಾದ ಮರವನ್ನು ಇನ್ನೊಂದು ಫಸಲು ನೋಡೋಣ ಅಂತ ಉಳಿಸಿಕೊಳ್ಳಬೇಡಿ. ಪಕ್ಕದವರ ತೋಟವೂ ನಿಮ್ಮ ಮರದ ಜೊತೆಗೇ ಹೋಗುತ್ತದೆ. ಗಿಡ ತರುವಾಗ ಬಲೆಮನೆಯಲ್ಲಿ ಬೆಳೆಸಿದ, ರೋಗ ಪರೀಕ್ಷೆ ಆದ ತಾಯಿ ಮರದ ಕಸಿಯನ್ನೇ ಕೇಳಿ.

ಪ್ರಶ್ನೆ: ಬೀದರ್ ಜಿಲ್ಲೆಯ ಔರಾದ್ ನಮ್ಮದು. ಕಪ್ಪು ಮಣ್ಣು. ನಾಗಪುರ ಕಿತ್ತಳೆ 150 ಗಿಡ, ನಾಲ್ಕು ವರ್ಷ ಆಗಿದೆ. ಡಿಸೆಂಬರ್‌ನಲ್ಲಿ ನೀರು ಬಂದ್ ಮಾಡಿ, ಹೂ ಒಮ್ಮೆಗೇ ಬರುತ್ತೆ ಅಂತ ಮಹಾರಾಷ್ಟ್ರ ಕಡೆಯ ಸಂಬಂಧಿಕರು ಹೇಳ್ತಾರೆ. ಮಾಡಬಹುದಾ ಅಣ್ಣಾ?

ಉತ್ತರ: ಈ ವರ್ಷ ಬೇಡ. ನಾಲ್ಕು ವರ್ಷದ ಗಿಡಕ್ಕೆ ಬಾಯಾರಿಕೆಯ ಪೆಟ್ಟು ತಡೆಯುವ ಬೇರಿರುವುದಿಲ್ಲ. ಇನ್ನೆರಡು ವರ್ಷ ಬೆಳೆಯಲಿ.

ಅವರು ಹೇಳಿದ ಪದ್ಧತಿ ಸರಿಯೇ. ಕೊಡಗಿನಲ್ಲಿ ಡಿಸೆಂಬರ್, ಜನವರಿಯ ಒಣ ಹವೆ ತಾನಾಗಿ ಮಾಡುವುದನ್ನು ನಿಮ್ಮ ಕಡೆ ರೈತರು ನೀರು ನಿಲ್ಲಿಸಿ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ನಿಲ್ಲಿಸಿದರೆ ಜನವರಿ, ಫೆಬ್ರವರಿ ಹೂವು, ಅದು ಅಂಬೆ ಬಹಾರ್ (ಬಹಾರ್ ಅಂದರೆ ಹೂ ಬಿಡುವ ಹಂಗಾಮು). ಮೇ ತಿಂಗಳಲ್ಲಿ ಒಣಗಿಸಿ ಮುಂಗಾರಿಗೆ ಹೂ ಬಿಡಿಸಿದರೆ ಮೃಗ ಬಹಾರ್, ಹಣ್ಣು ಮುಂದಿನ ಫೆಬ್ರವರಿ, ಮಾರ್ಚ್‌ಗೆ. ಕಪ್ಪು ಮಣ್ಣು ತೇವ ಹಿಡಿದಿಡುತ್ತದೆ, ಹಾಗಾಗಿ ಒಣಗಲು ಐದಾರು ವಾರವಾದರೂ ಬೇಕು. ಮರಳು ಮಣ್ಣಿಗೆ ಮೂರ್ನಾಲ್ಕು ವಾರ ಸಾಕು. ದಿನ ಎಣಿಸುವುದಕ್ಕಿಂತ ಮಧ್ಯಾಹ್ನ ಹೋಗಿ ಎಲೆ ನೋಡಿ. ಎಲೆ ಮಡಚಿಕೊಂಡು, ಬಣ್ಣ ಮಾಸಿ, ಒಂದಿಷ್ಟು ಉದುರಲು ಶುರುವಾದರೆ ಸಾಕು. ಮೊದಲ ನೀರು ಸ್ವಲ್ಪವೇ ಕೊಡಿ, ಎರಡನೆಯದು ಸ್ವಲ್ಪ ಜಾಸ್ತಿ, ಆಮೇಲೆ ಪೂರ್ತಿ.

ಯಾವ ಬಹಾರ್ ಅಂತ ತೀರ್ಮಾನ ಮಾಡುವ ಮೊದಲು ಮೇ ತಿಂಗಳಲ್ಲಿ ನಿಮ್ಮ ಬೋರ್‌ವೆಲ್‌ನಲ್ಲಿ ಎಷ್ಟು ನೀರಿರುತ್ತದೆ ನೋಡಿಕೊಳ್ಳಿ. ಅಂಬೆ ಬಹಾರ್‌ನ ಕಾಯಿ ಇಡೀ ಬೇಸಿಗೆಯನ್ನು ನಿಮ್ಮ ನೀರಿನ ಮೇಲೇ ದಾಟಬೇಕು. 2019ರ ಬೇಸಿಗೆಯಲ್ಲಿ ವಿದರ್ಭದ ವರುಡ್, ಮೋರ್ಶಿ ಕಡೆ ನೀರಿಲ್ಲದೆ ಫಲ ಕೊಡುವ ಮರಗಳೇ ಒಣಗಿ ನಿಂತವು. ನೀರು ಕಡಿಮೆ ಇದ್ದರೆ ಮೃಗ ಬಹಾರ್ ಸ್ವಲ್ಪ ಮೇಲು. ಅಲ್ಲೂ ಮುಂಗಾರು ಹೊತ್ತಿಗೆ ಸರಿಯಾಗಿ ಬರಬೇಕು. ಎರಡರಲ್ಲೂ ಅಪಾಯ ಇದೆ. ಮರದ ಸುತ್ತ ತೊಗರಿ ಹೊಟ್ಟೋ ಸೋಯಾ ಹೊಟ್ಟೋ ದಪ್ಪಗೆ ಹೊದಿಸಿ, ಹನಿ ನೀರಾವರಿ ಮಾಡಿಕೊಳ್ಳಿ.

ಪ್ರಶ್ನೆ: ಮಳೆಗಾಲದ ಹಣ್ಣು ಯಾಕೆ ಸಪ್ಪೆ? ಅರ್ಧ ಹುಳ ಬೇರೆ.

ಉತ್ತರ: ಬಿಸಿಲಿಲ್ಲ, ಸಕ್ಕರೆ ಕಟ್ಟುವುದಿಲ್ಲ, ನೀರು ಮಾತ್ರ ತುಂಬುತ್ತದೆ. ಹುಳ ಹಣ್ಣುನೊಣದ್ದು. ಮೀಥೈಲ್ ಯೂಜಿನಾಲ್ ಬಲೆ ಕಟ್ಟಿ, ಉದುರಿದ ಹಣ್ಣನ್ನು ದಿನವೂ ಆರಿಸಿ ಆಳವಾಗಿ ಹೂಳಿ. ನನ್ನನ್ನು ಕೇಳಿದರೆ ಮಳೆಗಾಲದ ಕಾಯಿಯನ್ನು ಸಣ್ಣದಿರುವಾಗಲೇ ಕಿತ್ತು ಮರದ ಶಕ್ತಿಯನ್ನು ಡಿಸೆಂಬರ್ ಫಸಲಿಗೆ ಉಳಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಅತ್ತೆ ಬೀಜ ಹಾಕಿ ಬೆಳೆಸಿದ ಕಿತ್ತಳೆ ಮರಗಳು ಏಳು ಉಳಿದಿವೆ. ನಲವತ್ತು ವರ್ಷ ಆಗಿರಬಹುದು. ಹಣ್ಣು ಸಣ್ಣ, ಆದರೆ ಅಂಥ ರುಚಿ ಬೇರೆ ಕಡೆ ತಿಂದಿಲ್ಲ. ಮಳೆ ಜಾಸ್ತಿಯಾದ ವರ್ಷದ ನಂತರ ಎರಡು ವರ್ಷ ಸರಿಯಾಗಿ ಬಿಡುವುದೇ ಇಲ್ಲ. ಮಗ ಕಡಿದು ಮೆಣಸಿಗೆ ಸಿಲ್ವರ್ ಓಕ್ ಹಾಕೋಣ ಅನ್ನುತ್ತಾನೆ. ನನಗೆ ಮನಸ್ಸಿಲ್ಲ.
— ಶನಿವಾರಸಂತೆಯಿಂದ ಒಬ್ಬ ಗೃಹಿಣಿ

ಉತ್ತರ: ಕಡಿಯಬೇಡಿ ಅಮ್ಮಾ. ಮಗನಿಗೂ ಈ ಪುಟ ತೋರಿಸಿ.

ಬೀಜದ ಮರ ಫಲಕ್ಕೆ ಬರಲು ಏಳೆಂಟು ವರ್ಷ ತೆಗೆದುಕೊಳ್ಳುತ್ತದೆ, ಮುಳ್ಳೂ ಜಾಸ್ತಿ, ಆದರೆ ಆಯಸ್ಸು ದೊಡ್ಡದು. ಹಳೇ ಮರದ ಹಣ್ಣು ಸಣ್ಣ, ತೆಳು ಸಿಪ್ಪೆ, ಸಿಹಿ, ನೀವು ಹೇಳಿದ್ದು ಅಕ್ಷರಶಃ ಸರಿ. ಮಳೆಯ ಏಟಿನಿಂದ ಚೇತರಿಸಿಕೊಳ್ಳಲು ಎರಡು ವರ್ಷ ಬೇಕಾಗುವುದೂ ವಯಸ್ಸಿನಿಂದಲೇ. ಹತ್ತು ವರ್ಷದ ಮರ ಸತ್ತ ಬೇರಿನ ಜಾಗದಲ್ಲಿ ಬೇಗ ಹೊಸ ಬೇರು ಬಿಡುತ್ತದೆ. ನಲವತ್ತರ ಮರಕ್ಕೆ ಆ ಚುರುಕು ಇರುವುದಿಲ್ಲ. ಹಾಗಾಗಿ ಅದಕ್ಕೆ ಬುಡದ ಬಸಿಗಾಲುವೆ ಎಲ್ಲರಿಗಿಂತ ಮೊದಲು ಆಗಬೇಕು, ಮಳೆ ನಿಂತ ಕೂಡಲೇ ಕೊಟ್ಟಿಗೆ ಗೊಬ್ಬರ ಬೇಕು.

ಹಣ್ಣು ಕೊಯ್ದ ಮೇಲೆ ಫೆಬ್ರವರಿಯಲ್ಲಿ ಒಣ ಕಡ್ಡಿಗಳನ್ನೆಲ್ಲ ತೆಗೆಸಿ. ಬಂದಳಿಕೆ ಹತ್ತಿದ್ದರೆ ಅದರ ಬುಡದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು, ಸುಮ್ನೆ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಕತ್ತರಿಸಿದ ಕಡೆಯೆಲ್ಲ ಮೇಲೆ ಹೇಳಿದ ಬೋರ್ಡೋ ಮುಲಾಮು ಹಚ್ಚಿ. ಮೇಲಿನ ನೆರಳು ತುಂಬಾ ಮುಚ್ಚಿದ್ದರೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಈ ಏಳು ಮರದ ಮೇಲೆ ಸ್ವಲ್ಪ ಆಕಾಶ ಬಿಡಿಸಿ.

ಇನ್ನೊಂದು ಕೆಲಸ ಈ ಡಿಸೆಂಬರ್‌ನಲ್ಲೇ ಆಗಬೇಕು. ಏಳರಲ್ಲಿ ಒಣ ವರ್ಷದಲ್ಲೂ, ಮಳೆ ವರ್ಷದಲ್ಲೂ ತಕ್ಕಮಟ್ಟಿಗೆ ಹಣ್ಣು ಕೊಟ್ಟಿರುವ ಮರ ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಎಲೆಯಲ್ಲಿ ಗ್ರೀನಿಂಗ್ ಲಕ್ಷಣ ಇಲ್ಲದ್ದನ್ನು ನೋಡಿಕೊಂಡು ಅದರ ಹಣ್ಣಿನ ಬೀಜ ತೆಗೆಯಿರಿ. ತೊಳೆದು ನೆರಳಿನಲ್ಲಿ ಆರಿಸಿ, ಎರಡು ಮೂರು ದಿನದೊಳಗೆ ಹಾಕಿಬಿಡಿ. ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ಒಂದೊಂದು ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಪಡಿಯಚ್ಚು. ತೀರಾ ಪೀಚಾಗಿರುವುದನ್ನು, ಎಲೆ ಆಕಾರ ಬೇರೆ ಇರುವುದನ್ನು ಕಿತ್ತು ಹಾಕಿ. ಒಂದೇ ಸಮನಾಗಿ ಬೆಳೆಯುವ ಸಸಿಗಳನ್ನು ಪಾಲಿಥೀನ್ ಚೀಲಕ್ಕೆ ಬದಲಾಯಿಸಿ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯೊಳಗೆ ಒಂದು ವರ್ಷ ಬೆಳೆಸಿ. ನೆಡುವಾಗ ಹಳೇ ಕಿತ್ತಳೆ ಸತ್ತ ಗುಂಡಿ ಬಿಟ್ಟು ಹತ್ತು ಹನ್ನೆರಡು ಅಡಿ ಆಚೆ ಹೊಸ ಗುಂಡಿ ತೆಗೆಸಿ, ಜೂನ್ ಮೊದಲ ಮಳೆಗೇ ನೆಡಿ. ಆಗಸ್ಟ್ ಮಳೆ ಶುರುವಾಗುವ ಹೊತ್ತಿಗೆ ಬೇರು ಮಣ್ಣು ಹಿಡಿದಿರಬೇಕು.